ಕಾರ್ಡ್‌ನಲ್ಲಿ ಒಂದೇ ಗೆರೆ ಬಂದಿದೆ, ನೆಂಟರ ಮದುವೆಗೆ ತಮ್ಮ ಹೋಗಬಹುದಾ?

ಪ್ರಶ್ನೆ: ನನ್ನ ತಮ್ಮ ಶಾರ್ಜಾದಲ್ಲಿ ಕೆಲಸ ಮಾಡುತ್ತಾನೆ. ಚಿಕ್ಕಮ್ಮನ ಮಗಳ ಮದುವೆಗೆ ಅಂತ ಊರಿಗೆ ಬಂದ. ಬಂದ ಒಂಬತ್ತನೇ ದಿನ ಜ್ವರ, ಮೈಕೈ ನೋವು. ಎರಡು ದಿನ ಕಳೆದ ಮೇಲೆ ಮುಖ, ಕೈ ಮೇಲೆ ಹದಿನೈದಿಪ್ಪತ್ತು ಗುಳ್ಳೆ ಎದ್ದವು. ಅಂಗೈಯಲ್ಲೂ ಮೂರು ಇವೆ. ಕತ್ತಿನಲ್ಲಿ ಗಡ್ಡೆ ಊದಿದೆ ಅಂತಾನೆ. ಎಂಪಾಕ್ಸ್ (ಮೊದಲು ಮಂಕಿಪಾಕ್ಸ್ ಅನ್ನುತ್ತಿದ್ದ ರೋಗ) ಇರಬಹುದು ಅಂತ ಹೆದರಿ ಆನ್‌ಲೈನ್‌ನಲ್ಲಿ ರ್ಯಾಪಿಡ್ ಆಂಟಿಜನ್ ಕಿಟ್ ತರಿಸಿದೆವು. ಎರಡು ಕಿಟ್ ಇದ್ದ ಪ್ಯಾಕ್. ಕೋವಿಡ್ ಟೆಸ್ಟ್ ಮಾಡಿದ ಹಾಗೇ ಗಂಟಲಿನಿಂದ ಕಡ್ಡಿಯಲ್ಲಿ ತೆಗೆದು ಹಾಕಿದೆವು. ‘ಸಿ’ ಹತ್ತಿರ ಮಾತ್ರ ಗೆರೆ ಬಂತು, ನೆಗೆಟಿವ್. ಅಮ್ಮನಿಗೆ 62 ವರ್ಷ. ‘ಇದು ಅಮ್ಮ ಆಗಿರೋದು, ಬೇವಿನ ಸೊಪ್ಪು ಇಟ್ಟರೆ ಸಾಕು’ ಅನ್ನುತ್ತಾರೆ. ಆದರೆ ಅವನಿಗೆ ಚಿಕ್ಕಂದಿನಲ್ಲೇ ಸೀತಾಳೆ ಸಿಡುಬು ಆಗಿತ್ತು, ಮತ್ತೆ ಆಗುತ್ತಾ? ತಮ್ಮನ ಹೆಂಡತಿ ಮೂರು ತಿಂಗಳ ಗರ್ಭಿಣಿ. ನಾಲ್ಕು ದಿನಕ್ಕೆ ಹಾಸನದಲ್ಲಿ ಮದುವೆ. ಹುಡುಗಿಗೆ ಒಡಹುಟ್ಟಿದ ಅಣ್ಣತಮ್ಮಂದಿರು ಇಲ್ಲ, ಧಾರೆ ಆದ ಮೇಲೆ ಅರಳು ಹಾಕಬೇಕಾದವನು ಇವನೇ. ಇನ್ನೊಂದು ಕಿಟ್‌ನಲ್ಲೂ ನೆಗೆಟಿವ್ ಬಂದರೆ ಕರೆದುಕೊಂಡು ಹೋಗಬಹುದಾ? ಆಸ್ಪತ್ರೆಗೆ ಹೋದರೆ ಕೂಡಿ ಹಾಕುತ್ತಾರೆ ಅಂತ ಅವನು ಹೆದರುತ್ತಿದ್ದಾನೆ.

ಉತ್ತರ: ನಿಮ್ಮ ಪತ್ರ ನೋಡಿದ ದಿನವೇ ಎರಡು ಸಾಲಿನ ಉತ್ತರ ಕಳಿಸಿದ್ದೆ. ಮದುವೆಗೆ ಬೇಡ, ಇವತ್ತೇ ಡಾಕ್ಟರಿಗೆ ತೋರಿಸಿ ಅಂತ. ಇದೇ ಗೊಂದಲದಲ್ಲಿ ಇರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಕಾರಣಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನೀವು ಕೇಳಿರುವುದು ಕಿಟ್ ಬಗ್ಗೆ. ನಿಮ್ಮ ನಿಜವಾದ ಚಿಂತೆ ಮಾತ್ರ ಬೇರೆ. ಇವನಿಂದ ಮನೆಯ ಗರ್ಭಿಣಿಗೆ, ಮದುವೆ ಮನೆಯ ಜನಕ್ಕೆ ಏನಾದರೂ ಅಂಟುತ್ತಾ ಅನ್ನುವುದು. ಆ ಪ್ರಶ್ನೆಗೆ ಉತ್ತರ ಹೇಳುವ ಶಕ್ತಿ ಆ ಕಾರ್ಡಿಗೆ ಇಲ್ಲ. ಅದು ಕೆಟ್ಟ ಕಂಪನಿಯದೋ ಒಳ್ಳೆಯ ಕಂಪನಿಯದೋ ಅನ್ನುವುದು ನಂತರದ ಮಾತು. ನೀವು ಅದಕ್ಕೆ ಕೊಟ್ಟ ಮಾದರಿಯೇ ತಪ್ಪು ಜಾಗದ್ದು.

ಕೋವಿಡ್ ಕಾಲದಲ್ಲಿ ಮೂಗು, ಗಂಟಲಿಗೆ ಕಡ್ಡಿ ಹಾಕುವುದು ನಮಗೆಲ್ಲ ರೂಢಿಯಾಯಿತು. ಕೋವಿಡ್ ವೈರಸ್ ಬೆಳೆಯುವುದು ಅಲ್ಲೇ, ಹಾಗಾಗಿ ಅದು ಸರಿ ಇತ್ತು. ಎಂಪಾಕ್ಸ್ ವೈರಸ್ ಅತಿ ಹೆಚ್ಚು ತುಂಬಿಕೊಂಡಿರುವುದು ಚರ್ಮದ ಗುಳ್ಳೆಯಲ್ಲಿ, ಅದರ ಮೇಲಿನ ಹಕ್ಕಳೆಯಲ್ಲಿ. ಗಂಟಲಲ್ಲಿ, ಎಂಜಲಲ್ಲಿ, ರಕ್ತದಲ್ಲಿ ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜುಲೈನಲ್ಲೇ ಎಚ್ಚರಿಕೆ ಕೊಟ್ಟಿತ್ತು: ಗುಳ್ಳೆಯಿಂದಲೇ ಮಾದರಿ ತೆಗೆಯಿರಿ, ರಕ್ತ ಎಂಜಲು ಕೊಟ್ಟರೆ ತಪ್ಪು ಫಲಿತಾಂಶ ಬರಬಹುದು ಅಂತ. ಅದು ವೈರಸ್ಸಿನ ಜೀನನ್ನು ಹುಡುಕುವ ಪಿಸಿಆರ್‌ನಂಥ ಸೂಕ್ಷ್ಮ ಪರೀಕ್ಷೆಗೇ ಕೊಟ್ಟ ಎಚ್ಚರಿಕೆ. ಕಾರ್ಡ್ ಟೆಸ್ಟ್‌ನ ಪಾಡು ಕೇಳುವುದೇ ಬೇಡ.

‘ಆದರೆ ಸಿ ಗೆರೆ ಸರಿಯಾಗಿ ಬಂದಿತ್ತಲ್ಲ, ಅಂದರೆ ಟೆಸ್ಟ್ ಸರಿಯಾಗಿ ಆಗಿದೆ ಅಂತ ತಾನೆ?’ ಈ ಪ್ರಶ್ನೆಯನ್ನು ನನಗೆ ಡಾಕ್ಟರುಗಳೂ ಕೇಳಿದ್ದಾರೆ. ಲ್ಯಾಬ್‌ಗೆ ಬರುವ ಹೊಸ ವಿದ್ಯಾರ್ಥಿಗಳಿಗೆ ನಾನೊಂದು ಆಟ ತೋರಿಸುತ್ತೇನೆ. ಅವಧಿ ಮುಗಿದ ಒಂದು ಕಾರ್ಡ್ ತೆಗೆದುಕೊಂಡು, ಯಾರ ಮಾದರಿಯನ್ನೂ ಸೇರಿಸದೆ ಬಾಟಲಿಯ ದ್ರಾವಣ ಮಾತ್ರ ನಾಲ್ಕು ಹನಿ ಹಾಕುತ್ತೇನೆ. ಬಿಳಿ ಪಟ್ಟಿಯ ಮೇಲೆ ನಸುಗೆಂಪು ನೀರು ಮೆಲ್ಲಗೆ ಏರುತ್ತದೆ. ಹತ್ತು ನಿಮಿಷಕ್ಕೆ ಸಿ ಹತ್ತಿರ ಚೆಂದದ ಗೆರೆ. ಅಲ್ಲಿ ರೋಗಿಯೇ ಇಲ್ಲ! ಸಿ ಗೆರೆ ಹೇಳುವುದು ಇಷ್ಟೇ: ದ್ರವ ಪಟ್ಟಿಯ ತುದಿವರೆಗೆ ಹರಿದಿದೆ, ಬಣ್ಣ ಹಚ್ಚಿದ ಪ್ರತಿಕಾಯಗಳು ಕೆಲಸ ಮಾಡುತ್ತಿವೆ. ನೀವು ಕಡ್ಡಿಯನ್ನು ಸರಿಯಾದ ಜಾಗದಲ್ಲಿ ಉಜ್ಜಿದಿರೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಪಿಸಿಆರ್ ಮಾಡುವಾಗ ನಾವು ಮನುಷ್ಯನದೇ ಒಂದು ಜೀನನ್ನೂ ಜೊತೆಗೆ ಹುಡುಕುತ್ತೇವೆ. ಅದು ಸಿಗದಿದ್ದರೆ ಕಡ್ಡಿಯಲ್ಲಿ ಮನುಷ್ಯನ ಜೀವಕೋಶವೇ ಬಂದಿಲ್ಲ ಎಂದರ್ಥ, ಮಾದರಿ ವಾಪಸ್. ಕಾರ್ಡಿನಲ್ಲಿ ಈ ಕಾವಲು ಇಲ್ಲ.

ಹಾಗಾದರೆ ಎರಡನೇ ಕಿಟ್‌ನಲ್ಲಿ ಗುಳ್ಳೆಯಿಂದಲೇ ತೆಗೆದು ಹಾಕಿದರೆ? ಮೊದಲಿಗಿಂತ ಪರವಾಗಿಲ್ಲ, ಆದರೂ ಸಾಲದು. ಕಾರ್ಡಿನಲ್ಲಿ ಗೆರೆ ಕಣ್ಣಿಗೆ ಕಾಣಬೇಕಾದರೆ ವೈರಸ್ಸಿನ ಪ್ರೋಟೀನು ರಾಶಿಗಟ್ಟಲೆ ಬಂದು ಆ ಸಣ್ಣ ಜಾಗದಲ್ಲಿ ಸಿಕ್ಕಿಕೊಳ್ಳಬೇಕು. ಪಿಸಿಆರ್ ಹಾಗಲ್ಲ. ಸಿಕ್ಕ ನಾಲ್ಕಾರು ತುಣುಕನ್ನೇ ಎರಡು, ನಾಲ್ಕು, ಎಂಟು ಅಂತ ಸುಮಾರು 40 ಸುತ್ತು ದುಪ್ಪಟ್ಟು ಮಾಡಿಕೊಂಡು ನೋಡುತ್ತದೆ. ಡೆಂಗಿಗೆ ಎನ್‌ಎಸ್1 ಕಾರ್ಡ್ ಉಪಯೋಗಕ್ಕೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಡೆಂಗಿ ವೈರಸ್ ಹೊಕ್ಕ ಜೀವಕೋಶಗಳು ಆ ಎನ್‌ಎಸ್1 ಪ್ರೋಟೀನನ್ನು ರಕ್ತಕ್ಕೆ ಧಾರಾಳವಾಗಿ ಬಿಡುತ್ತವೆ. ಮೊದಲ ನಾಲ್ಕೈದು ದಿನ ಒಂದು ಹನಿ ರಕ್ತದಲ್ಲೇ ಬೇಕಾದಷ್ಟು ಸಿಗುತ್ತದೆ. ಎಂಪಾಕ್ಸ್‌ನಲ್ಲಿ ಅಂಥ ಸುಲಭದ ದಾರಿ ಇನ್ನೂ ಸಿಕ್ಕಿಲ್ಲ. ಕಾಂಗೋದಲ್ಲಿ ನಿಜವಾದ ರೋಗಿಗಳ ಮೇಲೆ ಆಂಟಿಜನ್ ಕಾರ್ಡ್‌ಗಳನ್ನು ಪರೀಕ್ಷಿಸಿ ನೋಡಿದಾಗ ಹೆಚ್ಚಿನ ರೋಗಿಗಳನ್ನು ಅವು ಬಿಟ್ಟುಬಿಟ್ಟವು. ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ತುರ್ತು ಬಳಕೆಗೆ ಒಪ್ಪಿದ ಮೊದಲ ಎಂಪಾಕ್ಸ್ ಪರೀಕ್ಷೆ ಕೂಡ ಪಿಸಿಆರ್, ಅದೂ ಗುಳ್ಳೆಯ ಮಾದರಿಗೆ.

ಕಾರ್ಡ್ ಟೆಸ್ಟ್‌ಗಳ ಮೇಲೆ ನನಗೇನೂ ಹಗೆ ಇಲ್ಲ. ಕಾಂಗೋದ ದೂರದ ಹಳ್ಳಿಗಳಿಂದ ಮಾದರಿ ರಾಜಧಾನಿಯ ಲ್ಯಾಬ್ ತಲುಪಲು ದಿನಗಟ್ಟಲೆ ಹಿಡಿಯುತ್ತದೆ. 2024ರಲ್ಲಿ ಅಲ್ಲಿ ಸಂಶಯ ಬಂದವರಲ್ಲಿ ಬಹುಪಾಲು ಜನಕ್ಕೆ ಪರೀಕ್ಷೆಯೇ ಆಗಿರಲಿಲ್ಲ. ಅಂಥ ಕಡೆ ಒಂದು ಒಳ್ಳೆಯ ಕಾರ್ಡ್ ಬಂದರೆ ಎಷ್ಟೋ ಜೀವ ಉಳಿಯುತ್ತದೆ. ಅದಕ್ಕಾಗಿ ಎಷ್ಟೋ ಜನ ಕೆಲಸ ಮಾಡುತ್ತಿದ್ದಾರೆ. ಆದರೆ ಬೆಂಗಳೂರಿನಿಂದ ಹಾಸನದವರೆಗೆ ಮೆಡಿಕಲ್ ಕಾಲೇಜುಗಳಿರುವ ನಮಗೆ ಆ ಅನಿವಾರ್ಯ ಇಲ್ಲ.

ಈಗ ಸ್ವಲ್ಪ ಲೆಕ್ಕ. ಬೇಸರ ಮಾಡಿಕೊಳ್ಳಬೇಡಿ, ಐದನೇ ಕ್ಲಾಸಿನದೇ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡದ್ದು. ಒಂದು ಕಾರ್ಡ್ ನೂರು ರೋಗಿಗಳಲ್ಲಿ 60 ಜನರನ್ನು ಹಿಡಿಯುತ್ತದೆ, ರೋಗ ಇಲ್ಲದ ನೂರರಲ್ಲಿ 97 ಜನಕ್ಕೆ ಸರಿಯಾಗಿ ನೆಗೆಟಿವ್ ಕೊಡುತ್ತದೆ ಅಂದುಕೊಳ್ಳಿ. ಧಾರಾಳವಾಗಿಯೇ ಮಾರ್ಕ್ಸ್ ಕೊಟ್ಟಿದ್ದೇನೆ.

ಮೈಮೇಲೆ ಏನೋ ಗುಳ್ಳೆ ಎದ್ದ ಸಾವಿರ ಜನ ಈ ಕಾರ್ಡ್ ಬಳಸಿದರು. ಅವರಲ್ಲಿ ಹತ್ತು ಜನಕ್ಕೆ ನಿಜವಾಗಿ ಎಂಪಾಕ್ಸ್ ಇದೆ. ಹತ್ತರಲ್ಲಿ 6 ಜನ ಸಿಗುತ್ತಾರೆ, 4 ಜನ ತಪ್ಪಿಸಿಕೊಳ್ಳುತ್ತಾರೆ. ಉಳಿದ 990 ಜನರಲ್ಲಿ ಸುಮಾರು 30 ಜನಕ್ಕೆ ಸುಮ್ನೆ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದ 36 ಜನರಲ್ಲಿ ನಿಜವಾದ ರೋಗಿಗಳು ಆರೇ. ಸೊಳ್ಳೆ ಕಚ್ಚಿದ್ದಕ್ಕೋ ಬೆವರುಸಾಲೆಗೋ ಹೆದರಿ ಟೆಸ್ಟ್ ಮಾಡಿಕೊಂಡ 30 ಜನರ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ.

ನೆಗೆಟಿವ್ ಕಡೆ ನೋಡಿದರೆ 964ರಲ್ಲಿ 4 ಮಾತ್ರ ತಪ್ಪು, ನಂಬಬಹುದಲ್ವಾ ಅನ್ನಿಸುತ್ತದೆ. ಮೋಸ ಇರುವುದು ಇಲ್ಲೇ. ಆ ಧೈರ್ಯ ಕಾರ್ಡ್ ಕೊಟ್ಟಿದ್ದಲ್ಲ. ಟೆಸ್ಟ್ ಮಾಡುವ ಮೊದಲೇ ಸಾವಿರದಲ್ಲಿ 990 ಜನಕ್ಕೆ ರೋಗ ಇರಲಿಲ್ಲ! ನಿಮ್ಮ ತಮ್ಮ ಆ ಸಾವಿರದಲ್ಲಿ ಒಬ್ಬನಲ್ಲ. ಮೊದಲು ಜ್ವರ, ಆಮೇಲೆ ಗುಳ್ಳೆ, ಅಂಗೈಯಲ್ಲಿ ಗುಳ್ಳೆ, ಕತ್ತಿನಲ್ಲಿ ಗಡ್ಡೆ, ಮೇಲಿಂದ ವಿದೇಶ ಪ್ರಯಾಣ. ಇಷ್ಟೆಲ್ಲ ಒಟ್ಟಿಗೆ ಇರುವ ನೂರು ಜನರಲ್ಲಿ 30 ಜನಕ್ಕೆ ಎಂಪಾಕ್ಸ್ ಇದೆ ಅಂದುಕೊಳ್ಳೋಣ. ಅದೇ ಕಾರ್ಡ್ 18 ಜನರನ್ನು ಹಿಡಿಯಿತು, 12 ಜನ ತಪ್ಪಿದರು. ರೋಗ ಇಲ್ಲದ 70 ಜನರಲ್ಲಿ 68 ಜನಕ್ಕೆ ನೆಗೆಟಿವ್ ಬಂತು. ಒಟ್ಟು 80 ನೆಗೆಟಿವ್, ಅದರಲ್ಲಿ 12 ಜನ ರೋಗಿಗಳು. ನೂರಕ್ಕೆ 15. ಮೊದಲು 30 ಇದ್ದ ಅನುಮಾನ ಅರ್ಧಕ್ಕೆ ಇಳಿಯಿತು, ಅಷ್ಟೆ. ಇದೂ ಗುಳ್ಳೆಯಿಂದ ಸರಿಯಾಗಿ ಮಾದರಿ ತೆಗೆದಾಗ. ಗಂಟಲಿನಿಂದ ತೆಗೆದಿದ್ದಕ್ಕೆ ಈ ಅರ್ಧವೂ ಇಲ್ಲ. ಕೋವಿಡ್ ಸಮಯದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಇಟ್ಟಿದ್ದ ನಿಯಮ ನೆನಪಿದೆಯಾ? ಲಕ್ಷಣ ಇದ್ದು ಕಾರ್ಡ್ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಲೇಬೇಕು. ಆ ನಿಯಮದ ಹಿಂದೆ ಇದ್ದದ್ದು ಇದೇ ಲೆಕ್ಕ.

ಹಾಗಂತ ಇದು ಎಂಪಾಕ್ಸೇ ಅಂತ ನಾನು ಹೇಳುತ್ತಿಲ್ಲ. ಫೋಟೋ ನೋಡಿ ರೋಗ ಹೇಳುವವನೂ ಅಲ್ಲ. 2022ರಲ್ಲಿ ಬೆಂಗಳೂರಿಗೆ ಬಂದಿದ್ದ ಇಥಿಯೋಪಿಯಾದ ಒಬ್ಬರಿಗೆ ಮಂಕಿಪಾಕ್ಸ್ ಇರಬಹುದು ಅಂತ ದೊಡ್ಡ ಸುದ್ದಿಯಾಗಿತ್ತು. ಪರೀಕ್ಷೆಯಲ್ಲಿ ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬು ಅಂತ ಬಂತು. ಇನ್ನೊಂದು ಕಡೆ, 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದ ಒಬ್ಬರಲ್ಲಿ ಎಂಪಾಕ್ಸ್ ಇರುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಯಲ್ಲಿ ಖಚಿತವಾಯಿತು. ಎರಡೂ ನಮ್ಮ ರಾಜ್ಯದಲ್ಲೇ ಆಗಿದ್ದು. ಎರಡನ್ನೂ ಬಿಡಿಸಿ ಹೇಳಿದ್ದು ಲ್ಯಾಬ್.

ಆದರೂ ಕಣ್ಣಿಗೆ, ಕೈಗೆ ಒಂದಿಷ್ಟು ಗೊತ್ತಾಗುತ್ತದೆ. ಒಗ್ಗರಣೆ ಹಾಕುವಾಗ ಕೈಗೆ ಎಣ್ಣೆ ಸಿಡಿದರೆ ತೆಳ್ಳಗೆ ನೀರು ತುಂಬಿದ ಬೊಬ್ಬೆ ಏಳುತ್ತದಲ್ಲ, ಸೀತಾಳೆ ಸಿಡುಬಿನ ಗುಳ್ಳೆ ಹಾಗಿರುತ್ತದೆ. ಮುಟ್ಟಿದರೆ ಒಡೆಯುವಷ್ಟು ಮೆತ್ತಗೆ, ವಿಪರೀತ ತುರಿಕೆ. ಎದೆ, ಬೆನ್ನಿನ ಮೇಲೆ ಜಾಸ್ತಿ. ಒಂದೇ ಜಾಗದಲ್ಲಿ ಹೊಸ ಗುಳ್ಳೆ, ಒಡೆದ ಗುಳ್ಳೆ, ಒಣಗಿದ ಹಕ್ಕಳೆ ಎಲ್ಲ ಬೆರೆತಿರುತ್ತವೆ. ಎಂಪಾಕ್ಸ್ ಗುಳ್ಳೆ ಬೆರಳಿಗೆ ಬೇರೆ ಥರ ಸಿಗುತ್ತದೆ. ಗ್ಲೌಸ್ ಹಾಕಿ ಒತ್ತಿ ನೋಡಿದರೆ ಚರ್ಮದ ಅಡಿಯಲ್ಲಿ ಅಲಸಂದೆ ಕಾಳು ಹುದುಗಿಸಿಟ್ಟಂತೆ ಗಟ್ಟಿ. ನಡುವೆ ಹೊಕ್ಕುಳಿನ ಹಾಗೆ ಚಿಕ್ಕ ತಗ್ಗು. ಒಂದು ಜಾಗದ ಗುಳ್ಳೆಗಳೆಲ್ಲ ಸಾಮಾನ್ಯವಾಗಿ ಒಂದೇ ಹಂತದಲ್ಲಿರುತ್ತವೆ. ಮುಖ, ಕೈಕಾಲು, ಅಂಗೈ ಅಂಗಾಲು, ಒಮ್ಮೊಮ್ಮೆ ಗುಪ್ತಾಂಗದ ಸುತ್ತ ಮಾತ್ರ ಬರುವುದೂ ಇದೆ. ಕತ್ತು, ಕಂಕುಳು, ತೊಡೆಸಂದಿನ ಗಡ್ಡೆ ಊದುವುದು ಇದರ ದೊಡ್ಡ ಸುಳಿವು. ಆದರೆ 2022ರ ನಂತರ ಕಂಡ ಎಷ್ಟೋ ರೋಗಿಗಳು ಈ ಪುಸ್ತಕದ ವಿವರಣೆಗೆ ಹೊಂದುತ್ತಿರಲಿಲ್ಲ. ಒಂದೇ ಒಂದು ಗುಳ್ಳೆ ಇದ್ದವರೂ ಇದ್ದರು. ಅಂಗೈ ಗುಳ್ಳೆಗೆ ಸಿಫಿಲಿಸ್, ಕೈಕಾಲುಬಾಯಿ ಜ್ವರ ಕೂಡ ಕಾರಣ ಆಗಬಹುದು. ಹಾಗಾಗಿ ಇದನ್ನು ಓದಿ ಮನೆಯಲ್ಲೇ ತೀರ್ಪು ಕೊಡಬೇಡಿ. ಡಾಕ್ಟರಿಗೆ ಏನು ಹೇಳಬೇಕು ಅಂತ ಗೊತ್ತಿರಲಿ ಅಂತ ಬರೆದೆ.

ಒಮ್ಮೆ ಸೀತಾಳೆ ಸಿಡುಬು ಬಂದವರಿಗೆ ಮತ್ತೆ ಬರುವುದು ಅಪರೂಪ, ಆದರೆ ಬರಲ್ಲ ಅಂತಿಲ್ಲ. ಇನ್ನೊಂದು ತೊಡಕು: ಚಿಕ್ಕಂದಿನಲ್ಲಿ ಆಗಿದ್ದು ನಿಜವಾಗಿ ಅದೇನಾ? ನಮ್ಮ ಕಡೆ ಮೈಮೇಲೆ ಏನು ಎದ್ದರೂ ‘ಅಮ್ಮ’. ದಡಾರವೂ ಅಮ್ಮ, ಸೀತಾಳೆಯೂ ಅಮ್ಮ. ಇಪ್ಪತ್ತೈದು ವರ್ಷದ ಹಿಂದೆ ಯಾವ ಅಮ್ಮ ಬಂದಿದ್ದಳು ಅನ್ನುವುದಕ್ಕೆ ಚೀಟಿ ಇರುವುದಿಲ್ಲವಲ್ಲ.

ಹೆಸರಿನ ಗೊಂದಲ ಇನ್ನೂ ಎರಡಿವೆ. ಪತ್ರಿಕೆಗಳು ಎಂಪಾಕ್ಸನ್ನು ‘ಮಂಗನ ಸಿಡುಬು’ ಅಂತ ಬರೆದಿದ್ದೇ ತಡ, ಮಲೆನಾಡಿನ ಕಡೆಯಿಂದ ನನಗೆ ಫೋನ್ ಬರಲು ಶುರುವಾಯಿತು. ಅಲ್ಲಿಯ ಮಂಗನ ಕಾಯಿಲೆ ಅಂದರೆ ಕೆಎಫ್‌ಡಿ. ಅದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆ ಕಚ್ಚಿ ಬರುವ ಜ್ವರ. ವೈರಸ್ಸಿನ ಕುಲವೇ ಬೇರೆ, ಡೆಂಗಿಯ ಸಂಬಂಧಿ. ಮಂಕಿಪಾಕ್ಸ್‌ಗೆ ಆ ಹೆಸರು ಬಂದದ್ದು 1958ರಲ್ಲಿ ಡೆನ್ಮಾರ್ಕಿನ ಲ್ಯಾಬ್ ಕೋತಿಗಳಲ್ಲಿ ಮೊದಲು ಕಂಡಿದ್ದಕ್ಕೆ. ಈಗ ಅದು ಹರಡುತ್ತಿರುವುದು ಮನುಷ್ಯರಿಂದ ಮನುಷ್ಯರಿಗೆ, ಪಾಪದ ಕೋತಿಗಳದ್ದೇನೂ ತಪ್ಪಿಲ್ಲ. ಹಸುಗಳಿಗೆ ಬಂದ ಚರ್ಮಗಂಟು ರೋಗವೂ ಪಾಕ್ಸ್ ಜಾತಿಯ ವೈರಸ್ಸೇ, ಆದರೆ ಅದು ಮನುಷ್ಯರಿಗೆ ಬರುವುದಿಲ್ಲ. ಎಮ್ಮೆ ಸಿಡುಬು ಮಾತ್ರ ಬರುತ್ತದೆ. ಕೆಚ್ಚಲ ಮೇಲೆ ಗುಳ್ಳೆ ಇರುವ ಎಮ್ಮೆಯ ಹಾಲು ಕರೆದವರ ಕೈ ಮೇಲೆ ಗುಳ್ಳೆ ಏಳುತ್ತದೆ, ಪಶ್ಚಿಮ ಮಹಾರಾಷ್ಟ್ರದಲ್ಲಿ ಹಾಗಾದದ್ದು ದಾಖಲಾಗಿದೆ. ಅದು ಎಂಪಾಕ್ಸ್‌ನ ದಾಯಾದಿ. ಇಬ್ಬರನ್ನೂ ಬೇರೆ ಮಾಡಿ ಹೇಳಲಾಗದ ಕಾರ್ಡ್ ಇದ್ದರೆ ಎಮ್ಮೆ ಕಟ್ಟಿದವರಿಗೂ ಪಾಸಿಟಿವ್ ತೋರಿಸಬಹುದು.

ಸರಿ, ಈಗ ಏನು ಮಾಡಬೇಕು. ನನ್ನ ಮಟ್ಟಿಗೆ ಸರಿಯಾದ ದಾರಿ ಒಂದೇ. ಗುಳ್ಳೆಯ ಮಾದರಿಯನ್ನು ಪಿಸಿಆರ್‌ಗೆ ಕಳಿಸುವುದು, ಅದರಲ್ಲೇ ಸೀತಾಳೆ ಸಿಡುಬಿನ ವೈರಸ್ಸನ್ನೂ ನೋಡಿ ಅಂತ ಕೇಳುವುದು. ಬರೀ ‘ಎಂಪಾಕ್ಸ್ ಇಲ್ಲ’ ಅಂತ ಬಂದರೆ ನಿಮಗೆ ಅರ್ಧ ಉತ್ತರ ಸಿಕ್ಕಂತೆ. ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಹೋಗುವ ಮೊದಲು ಫೋನ್ ಮಾಡಿ ‘ವಿದೇಶದಿಂದ ಬಂದವರು, ಜ್ವರ, ಗುಳ್ಳೆ’ ಅಂತ ಹೇಳಿ. ಹಾಗೆ ಹೇಳಿದರೆ ನೂರು ಜನರ ಹೊರರೋಗಿ ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಬೇರೆ ಬಾಗಿಲಿನಿಂದ ಕರೆದುಕೊಳ್ಳುತ್ತಾರೆ. ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡು ಹೋಗಲಿ. ಬಸ್ಸು ಬೇಡ.

ಮಾದರಿ ತೆಗೆಯುವುದಕ್ಕೆ ಹೆದರಬೇಕಿಲ್ಲ. ಸೂಜಿ ಚುಚ್ಚುವುದಿಲ್ಲ, ಗುಳ್ಳೆ ಕೊಯ್ಯುವುದಿಲ್ಲ. ಹತ್ತಿಯದಲ್ಲದ, ಪಾಲಿಯೆಸ್ಟರ್ ತುದಿಯ ಕಡ್ಡಿಯಿಂದ ಗುಳ್ಳೆಯನ್ನು ಸ್ವಲ್ಪ ಒತ್ತಿ ಉಜ್ಜುತ್ತಾರೆ. ಉರಿಯುತ್ತದೆ. ಎರಡು ಮೂರು ಗುಳ್ಳೆಯಿಂದ, ಸಾಧ್ಯವಾದರೆ ಬೇರೆ ಬೇರೆ ಜಾಗದ್ದು. ಮೆತ್ತಗೆ ಸವರಿ ಬಿಟ್ಟರೆ ರೋಗಿಗೆ ಹಾಯ್ ಅನಿಸುತ್ತದೆ, ನಮಗೆ ಏನೂ ಸಿಗುವುದಿಲ್ಲ. ಒಮ್ಮೆ ನಮ್ಮ ಲ್ಯಾಬ್‌ಗೆ ಬಂದ ಕಡ್ಡಿ ಹೊಸದರ ಹಾಗೆ ಬೆಳ್ಳಗಿತ್ತು. ಪಿಸಿಆರ್‌ನಲ್ಲಿ ಮನುಷ್ಯನ ಜೀನೂ ಬರಲಿಲ್ಲ. ಯುವ ಡಾಕ್ಟರ್ ಒಬ್ಬರು ಪಾಪ, ರೋಗಿ ಅಳುತ್ತಾನೆ ಅಂತ ಹಗುರವಾಗಿ ಮುಟ್ಟಿಸಿದ್ದರಂತೆ. ಮತ್ತೆ ತರಿಸಿಕೊಂಡ ಕಡ್ಡಿ ಹಳದಿ ಬಣ್ಣಕ್ಕೆ ತಿರುಗಿತ್ತು, ಉತ್ತರವೂ ಸಿಕ್ಕಿತು.

ಕೂಡಿ ಹಾಕುತ್ತಾರೆ ಅನ್ನುವ ಹೆದರಿಕೆಗೆ ನೇರವಾಗಿ ಹೇಳುತ್ತೇನೆ. ಸಂಶಯ ಇದ್ದರೆ ಪ್ರತ್ಯೇಕವಾಗಿ ಇರಿಸುತ್ತಾರೆ. ಜಿಲ್ಲೆಯ ಸರ್ವೇಕ್ಷಣಾ ಘಟಕಕ್ಕೆ ಮಾಹಿತಿ ಹೋಗುತ್ತದೆ, ಮನೆಯವರ ಮೇಲೂ 21 ದಿನ ಕಣ್ಣಿಡುತ್ತಾರೆ. ಎಂಪಾಕ್ಸ್ ಅಂತ ಖಚಿತವಾದರೆ ಹಕ್ಕಳೆಗಳೆಲ್ಲ ಉದುರಿ ಅಡಿಯಲ್ಲಿ ಹೊಸ ಚರ್ಮ ಬರುವ ತನಕ ಬೇರೆ ಇರಬೇಕು. ಎರಡರಿಂದ ನಾಲ್ಕು ವಾರ. ರಜೆ, ವಾಪಸ್ ಹೋಗುವ ಟಿಕೆಟ್, ಕೆಲಸ ಎಲ್ಲಕ್ಕೂ ಹೊಡೆತ ಬೀಳುತ್ತದೆ, ಸುಳ್ಳು ಹೇಳಲಾರೆ. ಆದರೆ ಹೇಳದೆ ವಿಮಾನ ಹತ್ತಿ ಅಲ್ಲಿ ಸಿಕ್ಕಿಬಿದ್ದರೆ ಆಗುವ ಫಜೀತಿಗೆ ಹೋಲಿಸಿ ನೋಡಿ.

ಜೀವಕ್ಕೆ ಅಪಾಯ ಇದೆಯಾ? 2022ರಲ್ಲಿ ಜಗತ್ತಿಗೆಲ್ಲ ಹರಡಿದ ತಳಿಯಲ್ಲಿ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. 2024ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ತುರ್ತುಸ್ಥಿತಿ ಘೋಷಿಸಲು ಕಾರಣವಾದದ್ದು ಕಾಂಗೋ ಕಡೆಯ ಇನ್ನೊಂದು ತಳಿ. ಅದು ಹೆಚ್ಚು ಕಾಡಬಲ್ಲದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಯುಎಇಯಿಂದ ಕೇರಳದ ಮಲಪ್ಪುರಕ್ಕೆ ಬಂದವರೊಬ್ಬರಲ್ಲಿ ಆ ತಳಿ ಸಿಕ್ಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ತುರ್ತುಸ್ಥಿತಿಯನ್ನು ತೆಗೆದರು, ರೋಗ ಹೋಗಿದೆ ಅಂತ ಅದರ ಅರ್ಥವಲ್ಲ. ಟೆಕೋವಿರಿಮ್ಯಾಟ್ ಎಂಬ ಔಷಧದ ಮೇಲೆ ಭಾರೀ ಭರವಸೆ ಇತ್ತು. ಕಾಂಗೋದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಗುಳ್ಳೆ ಬೇಗ ವಾಸಿ ಮಾಡಲು ಅದು ನೆರವಾಗಲಿಲ್ಲ ಅಂತ ಗೊತ್ತಾಯಿತು. ಆದರೆ ಅದೇ ಪ್ರಯೋಗದಲ್ಲಿ ಆಸ್ಪತ್ರೆಯಲ್ಲಿಟ್ಟು ಚೆನ್ನಾಗಿ ನೋಡಿಕೊಂಡವರಲ್ಲಿ, ಔಷಧ ಕೊಟ್ಟರೂ ಕೊಡದಿದ್ದರೂ, ಸಾವು 1.7% ಮಾತ್ರ. ಆ ದೇಶದ ಒಟ್ಟು ಸರಾಸರಿಯ ಅರ್ಧಕ್ಕಿಂತ ಕಡಿಮೆ. ನೀರು, ಊಟ, ನೋವಿಗೆ ಮಾತ್ರೆ, ಗುಳ್ಳೆ ಕೀವಾಗದಂತೆ ಆರೈಕೆ. ಇಷ್ಟೇ ದೊಡ್ಡ ಔಷಧ.

ಮೆಡಿಕಲ್ ಶಾಪಿನವರು ಕೊಡುವ ತುರಿಕೆ ಟ್ಯೂಬ್ ಹಚ್ಚಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಗುಳ್ಳೆಯ ರೂಪವೇ ಬದಲಾಗಿ ನಮಗೂ ಗೊತ್ತಾಗದಂತೆ ಆಗುತ್ತದೆ, ಸೋಂಕೂ ಹೆಚ್ಚಬಹುದು.

ಇನ್ನು ನಿಮ್ಮ ತಮ್ಮನ ಹೆಂಡತಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಆಗಿದ್ದು ಇವರ ಬಗ್ಗೆ. ಎಲ್ಲರೂ ಎಂಪಾಕ್ಸ್ ಹೌದಾ ಅಲ್ವಾ ಅಂತ ನೋಡುತ್ತಿದ್ದಾರೆ. ಇದು ಬರೀ ಸೀತಾಳೆ ಸಿಡುಬು ಆದರೂ ಗರ್ಭಿಣಿಗೆ ಅದು ‘ಬರೀ’ ಅಲ್ಲ. ಶ್ವಾಸಕೋಶಕ್ಕೆ ಇಳಿಯಬಹುದು, ಮೊದಲ ತಿಂಗಳುಗಳಲ್ಲಿ ಮಗುವಿಗೂ ತೊಂದರೆ ಆಗಬಹುದು. ಎಂಪಾಕ್ಸ್ ಆದರೆ ಗರ್ಭಪಾತದ ಅಪಾಯ ಇದೆ. ಸೀತಾಳೆ ಸಿಡುಬು ಗುಳ್ಳೆ ಏಳುವ ಎರಡು ದಿನ ಮೊದಲೇ ಅಂಟಲು ಶುರುವಾಗುತ್ತದೆ, ಅಂದರೆ ಅವರಿಗೆ ಈಗಾಗಲೇ ಸೋಂಕು ತಾಗಿರಬಹುದು. ಅವರಿಗೆ ಮೊದಲು ಆಗಿತ್ತಾ, ಲಸಿಕೆ ಆಗಿತ್ತಾ ಕೇಳಿ. ಈ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ, ಹಾಗಾಗಿ ಹೆಚ್ಚಿನವರಿಗೆ ಆಗಿರುವುದಿಲ್ಲ. ಖಾತ್ರಿ ಇಲ್ಲದಿದ್ದರೆ ಇವತ್ತೇ ಅವರ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ. ಒಂದು ರಕ್ತ ಪರೀಕ್ಷೆಯಲ್ಲಿ ರಕ್ಷಣೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲದಿದ್ದರೆ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದಿಗೆ ಸಮಯದ ಮಿತಿ ಇದೆ. ಸಂಪರ್ಕವಾದ 10 ದಿನದೊಳಗೆ, ಬೇಗ ಆದಷ್ಟೂ ಒಳ್ಳೆಯದು. ಅವರನ್ನು ತವರಿಗೆ ಕಳಿಸುವ ಯೋಚನೆ ಇದ್ದರೆ ಡಾಕ್ಟರನ್ನು ಕೇಳಿಯೇ ಕಳಿಸಿ. ಅಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಮನೆಗೆ ಹರಡಿದಂತಾಗುತ್ತದೆ.

ಒಂದು ಮಾತು ತಮ್ಮನಿಗೆ. ಡಾಕ್ಟರು ಖಾಸಗಿ ಪ್ರಶ್ನೆ ಕೇಳುತ್ತಾರೆ. ಇತ್ತೀಚೆಗೆ ಯಾರ ಜೊತೆ ದೈಹಿಕ ಸಂಪರ್ಕ, ಗುಪ್ತಾಂಗದಲ್ಲಿ ಗುಳ್ಳೆ ಇದೆಯಾ ಅಂತೆಲ್ಲ. 2022ರಿಂದ ಈ ರೋಗ ಹೆಚ್ಚಾಗಿ ಹರಡಿದ್ದು ಆ ದಾರಿಯಲ್ಲಿ. ಆದರೆ ರೂಮ್ ಹಂಚಿಕೊಂಡವರಿಂದ, ಒಂದೇ ಹಾಸಿಗೆ, ಟವೆಲ್‌ನಿಂದಲೂ ಬರಬಹುದು. ಅಕ್ಕನೋ ಅಮ್ಮನೋ ಪಕ್ಕದಲ್ಲಿ ಕೂತಿದ್ದರೆ ಯಾರೂ ನಿಜ ಹೇಳುವುದಿಲ್ಲ. ಅವನು ಒಳಗೆ ಒಬ್ಬನೇ ಹೋಗಲಿ. ನೀವು ಹೊರಗಿರಿ.

ಮದುವೆ ವಿಚಾರ. ಅರಳು ಹಾಕುವುದು ಅಂದರೆ ಬೊಗಸೆಗೆ ಬೊಗಸೆ. ಅವನ ಅಂಗೈಯಲ್ಲಿ ಮೂರು ಗುಳ್ಳೆ ಇವೆ. ಮದುಮಗಳ ಅಂಗೈ ಅದರ ಕೆಳಗೆ. ಇದಕ್ಕೆ ಮೇಲೆ ನಾನು ಏನೂ ಹೇಳಬೇಕಿಲ್ಲ. ದೊಡ್ಡಪ್ಪನ ಮಗನೋ ಸೋದರಮಾವನ ಮಗನೋ ಯಾರಾದರೂ ಆ ಜಾಗಕ್ಕೆ ನಿಲ್ಲುತ್ತಾರೆ, ಪುರೋಹಿತರು ಒಪ್ಪುತ್ತಾರೆ. ಪಿಸಿಆರ್ ರಿಪೋರ್ಟ್ ಮದುವೆಗೆ ಮೊದಲೇ ಬಂದು ಎಂಪಾಕ್ಸ್ ಇಲ್ಲ ಅಂತಾದರೂ, ಸೀತಾಳೆ ಸಿಡುಬು ಆಗಿದ್ದರೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಮಂಟಪಕ್ಕೆ ಹೋಗುವ ಹಾಗಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಲಿ.

ಉಳಿದ ಕಿಟ್ ವಾಪಸ್ ತೆಗೆದುಕೊಂಡರೆ ಕೊಟ್ಟುಬಿಡಿ. ಮಾದರಿ ಹಾಕಿದ ಮೊದಲನೆಯದನ್ನು ಕವರಿನಲ್ಲಿ ಕಟ್ಟಿ, ಮೇಲೊಂದು ಕವರ್ ಹಾಕಿ, ಆಸ್ಪತ್ರೆಗೆ ಹೋಗುವಾಗ ತೆಗೆದುಕೊಂಡು ಹೋಗಿ ಅಲ್ಲಿನ ಕಸಕ್ಕೆ ಕೊಡಿ. ಹಸಿಕಸದವರ ಕೈಗೆ ಹಾಕಬೇಡಿ.

ಕೊನೆಗೆ ನಿಮ್ಮ ಅಮ್ಮ. ಬೇವಿನ ಸೊಪ್ಪು ತಲೆದಿಂಬಿನ ಹತ್ತಿರ ಇಡುವುದಿದ್ದರೆ ಇಡಲಿ, ನನ್ನ ಅಡ್ಡಿ ಇಲ್ಲ. ಗುಳ್ಳೆ ಮೇಲೆ ಉಜ್ಜುವುದು ಬೇಡ, ಸ್ನಾನ ಬಿಡಿಸುವುದು ಬೇಡ. ಆದರೆ ತಮ್ಮನ ಕೋಣೆಗೆ ಊಟ, ನೀರು ಕೊಡಲು ಮನೆಯಲ್ಲಿ ಒಬ್ಬರೇ ಹೋಗಬೇಕು, ಆ ಒಬ್ಬರು ಬಹುಶಃ ಅವರೇ ಆಗಬೇಕಾಗುತ್ತದೆ. ಅವರ ತೋಳು ನೋಡಿ. 1980ಕ್ಕೆ ಮೊದಲು ಹುಟ್ಟಿದ ಬಹಳ ಜನಕ್ಕೆ ಹಳೆಯ ಸಿಡುಬಿನ (ಸ್ಮಾಲ್‌ಪಾಕ್ಸ್, ಸೀತಾಳೆ ಅಲ್ಲ) ಲಸಿಕೆ ಆಗಿದೆ. ಕಾಸಿನಗಲದ, ಒಳಗೆ ಚುಕ್ಕಿ ಚುಕ್ಕಿ ತಗ್ಗಿರುವ ಗುರುತು, ಕೆಲವರಿಗೆ ಎರಡು. ಆ ಲಸಿಕೆ ಎಂಪಾಕ್ಸ್ ತಡೆಯುವಲ್ಲೂ ಸುಮಾರು 85% ಕೆಲಸ ಮಾಡುತ್ತದೆ ಅಂತ ಹಿಂದೆ ಆಫ್ರಿಕಾದಲ್ಲಿ ಕಂಡುಕೊಂಡಿದ್ದರು. ಇಷ್ಟು ವರ್ಷಕ್ಕೆ ಅದರ ಬಲ ಕುಂದಿರುತ್ತದೆ, ಆದರೂ ಮನೆಯಲ್ಲಿ ಬೇರೆ ಯಾರಿಗೂ ಅಷ್ಟೂ ಇಲ್ಲ. ನಿಮ್ಮ ಎಡತೋಳಿನ ಮೇಲೂ ಒಂದು ಪುಟ್ಟ ಗುರುತು ಇರುತ್ತದೆ. ಅದು ಕ್ಷಯಕ್ಕೆ ಹಾಕಿದ ಬಿಸಿಜಿ, ಇದಕ್ಕೆ ಲೆಕ್ಕಕ್ಕಿಲ್ಲ. ಅಮ್ಮನಿಗೆ ಸೀತಾಳೆ ಸಿಡುಬು ಆಗಿತ್ತಾ ಅಂತಲೂ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ, ಕ್ಯಾನ್ಸರ್ ಔಷಧ ನಡೆಯುತ್ತಿದೆ ಅಂತಿದ್ದರೆ ಅವರೂ ಬೇಡ. ಹೋಗುವಾಗ ಮಾಸ್ಕ್, ಗ್ಲೌಸ್. ಅವನ ಬಟ್ಟೆ, ಹೊದಿಕೆಯನ್ನು ಕೊಡವದೆ ಹಾಗೇ ಸುತ್ತಿ ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಸಿಡಲಿ. ತಟ್ಟೆ ಲೋಟ ಬೇರೆ. ಹೊರಗೆ ಬಂದ ಮೇಲೆ ಮೊಣಕೈ ತನಕ ಸೋಪು ಹಚ್ಚಿ ತೊಳೆದುಕೊಂಡು, ಆಮೇಲೆ ಅಡುಗೆಮನೆಗೆ ಹೋಗಲಿ.